ಕಾಜಾ ಹುಡುಗಿಯ ಎರಡು ಅಳತೆ

ನಮ್ಮ ಹೊಲಿಗೆ ಅಂಗಡಿಯಲ್ಲಿ ನನ್ನನ್ನು ಕರೆಯುವುದು ಅರ್ಧ ಇಂಚು ಎಂದು. ಕೆಲಸಕ್ಕೆ ಸೇರಿದ ಮೊದಲ ತಿಂಗಳು ನಾನು ಅಳತೆ ತೆಗೆದ ನಾಲ್ಕು ಪ್ಯಾಂಟುಗಳೂ ಅರ್ಧರ್ಧ ಇಂಚು ಗಿಡ್ಡವಾಗಿ, ನಾಲ್ಕು ಜನ ಗಿರಾಕಿಗಳು ಕಾಲುಚೀಲ ತೋರಿಸಿಕೊಂಡು ಮೆಟ್ಟಿಲು ಹತ್ತಿ ಜಗಳಕ್ಕೆ ಬಂದಿದ್ದರು. ಅದಾಗಿ ಮೂರು ವರ್ಷ. ಈಗ ನನ್ನ ಟೇಪು ಕೂದಲೆಳೆಯಷ್ಟೂ ತಪ್ಪುವುದಿಲ್ಲ ಎಂದು ನಾನು ಹೇಳಿದರೆ ಎಲ್ಲರೂ ಮಿಷಿನ್ನು ನಿಲ್ಲಿಸಿ ನಗುತ್ತಾರೆ. ನಾನು ಬರೆಯಹೊರಟಿರುವುದು ನನ್ನ ಬಗ್ಗೆಯಲ್ಲ, ಕಾಜಾ ಎಂಬ ಹುಡುಗಿಯ ಬಗ್ಗೆ. ಆದರೆ ನನ್ನ ಈ ಅಡ್ಡಹೆಸರು ಇಲ್ಲದಿದ್ದರೆ ಅವಳ ಕಥೆ ಹೀಗೆ ಸಾಗುತ್ತಿರಲಿಲ್ಲ. ಹಾಗಾಗಿ ಮೊದಲು ನನ್ನ ಮಾನ ಕಳೆದುಕೊಂಡು ಮುಂದುವರಿಯುತ್ತೇನೆ.

ಗುಂಡಿ ತೂರಿಸುವ ಸೀಳಿನ ಸುತ್ತ ದಾರ ಸುತ್ತಿ ಹಾಕುವ ಹೊಲಿಗೆಗೆ ಕಾಜಾ ಎನ್ನುತ್ತಾರೆ. ಅವಳ ಕೆಲಸ ಅದು, ಹಾಗಾಗಿ ಅವಳೂ ಕಾಜಾ. ಬಣ್ಣದ ಅಂಗಡಿಯೊಂದರ ನೆತ್ತಿಯ ಮೇಲೆ, ಎರಡನೆಯ ಮಹಡಿಯಲ್ಲಿ ನಮ್ಮದು ಒಂದೇ ಉದ್ದನೆಯ ಕೋಣೆ. ಬಾಗಿಲ ಬಳಿ ಅಂಗಡಿಯ ಯಜಮಾನರಾದ ಮಾಸ್ಟ್ರು ಬಟ್ಟೆ ಕತ್ತರಿಸುವ ಕತ್ತರಿ ಮೇಜು, ನಡುವೆ ಐದು ಮಿಷಿನ್ನು, ಒಂದು ಪಕ್ಕ ಇಸ್ತ್ರಿ ಅಕ್ಕನ ಮೇಜು, ಕಟ್ಟಕಡೆಗೆ ಹಿಂಭಾಗದ ಕಿಟಕಿ. ಆಸ್ಪತ್ರೆಯವರು, ಬಸ್ಸಿನವರು, ಕಾವಲುಗಾರರು ತೊಡುವ ಕೋಟುಗಳನ್ನು ಹೊಲಿಯುತ್ತೇವೆ. ಮಿಷಿನ್ನಿನಲ್ಲಿ ಹಾಕಿದ ಕಾಜಾ ಕಂಡರೆ ಮಾಸ್ಟ್ರಿಗೆ ಆಗದು. ಹಾಗಾಗಿ ಆ ಕಿಟಕಿಯ ಕೆಳಗಿನ ಕುರ್ಚಿಯಲ್ಲಿ ಕುಳಿತು ಅವಳು ದಿನಕ್ಕೆ ತೊಂಬತ್ತು ಕಾಜಾ ಕೈಯಲ್ಲೇ ಹಾಕುತ್ತಿದ್ದಳು. ತೊಂಬತ್ತೂ ಒಂದೇ ತಾಯಿಯ ಮಕ್ಕಳ ಹಾಗಿರುತ್ತಿದ್ದವು. ದಾರವನ್ನು ಹಲ್ಲಿನಲ್ಲೇ ಕಡಿಯುತ್ತಿದ್ದಳು. ಅವಳಿಗೆಂದು ಕೊಟ್ಟಿದ್ದ ಪುಟ್ಟ ಕತ್ತರಿ ಅವಳು ಕೆಲಸಕ್ಕೆ ಸೇರಿ ಹದಿನಾಲ್ಕು ತಿಂಗಳಾದರೂ ಹೊಸದಾಗಿಯೇ ಉಳಿದಿತ್ತು.

ವಯಸ್ಸು ನನ್ನಷ್ಟೇ, ಇಪ್ಪತ್ತೆರಡರ ಆಸುಪಾಸು. ಮಧ್ಯಾಹ್ನ ಊಟದ ಡಬ್ಬಿ ತೆರೆದರೆ ನಮ್ಮ ಕಡೆ ಬೆನ್ನು, ಕಿಟಕಿಯ ಕಡೆ ಮುಖ. ಮಾತಿಗೆ ಮೂರೇ ಬಗೆ: ಹೂಂ, ಇಲ್ಲ, ಆಗುತ್ತೆ. ಕೆಳಗಿನ ಬಾಗಿಲಲ್ಲಿ ಮಲಗುವ ಬೀದಿನಾಯಿ ಮೂರು ವರ್ಷದಿಂದ ದಿನಾ ನೋಡುವ ನನ್ನನ್ನು ಕಂಡರೂ ಬೊಗಳುತ್ತದೆ. ಅವಳು ಬರುವುದು ಕಂಡರೆ ಮಾತ್ರ ಎದ್ದು, ಬಾಲ ಮಡಚಿ, ರಸ್ತೆ ದಾಟಿ ಆಚೆ ಹೋಗಿ ನಿಲ್ಲುತ್ತಿತ್ತು. ಈ ಹುಡುಗಿಗಿರುವ ಗತ್ತಿನಲ್ಲಿ ಕಾಲು ಭಾಗ ನನಗಿದ್ದರೆ ಸಾಕಿತ್ತು ಎಂದು ನಾನು ಹೊಟ್ಟೆಕಿಚ್ಚುಪಟ್ಟಿದ್ದೇನೆ. ತಿಂಗಳಿಗೊಮ್ಮೆ ಮೂರು ದಿನ ರಜೆ ಹಾಕುತ್ತಿದ್ದಳು.

"ತಲೆನೋವಂತೆ," ಎನ್ನುತ್ತಿದ್ದಳು ಇಸ್ತ್ರಿ ಅಕ್ಕ. "ನನಗೂ ಬರುತ್ತೆ ತಲೆನೋವು, ನಿಮ್ಮನ್ನೆಲ್ಲ ನೋಡಿ. ನಾನೇನು ಮೂರು ದಿನ ಮಲಗ್ತೀನಾ?"

ನನಗೆ ಅವಳ ಮೇಲೆ ಮನಸ್ಸಾಗಿತ್ತು. ಮೊದಲ ಏಳೆಂಟು ತಿಂಗಳು ನಾವಿಬ್ಬರೂ ಆಡಿದ ಮಾತುಗಳನ್ನೆಲ್ಲ ಸೇರಿಸಿದರೆ ಶರ್ಟಿನ ಜೇಬಿನಲ್ಲಿ ಮಡಿಸಿ ಇಡಬಹುದಿತ್ತು. ನಾನಾದರೂ ಮಾತಿನ ಮಲ್ಲನೇನಲ್ಲ. ಇರುವುದು ಒಂಟಿ ಬಾಡಿಗೆ ಕೋಣೆ. ಭಾನುವಾರ ಅಣ್ಣ ಫೋನು ಮಾಡಿ "ಊಟ ಆಯ್ತೇನೋ?" ಎನ್ನುತ್ತಾನೆ, "ಆಯ್ತು" ಎಂದರೆ ಇಟ್ಟುಬಿಡುತ್ತಾನೆ. ಅವಳು ಕಿಟಕಿಯ ಕಡೆ ತಿರುಗಿ ಉಣ್ಣುತ್ತಿದ್ದಳು, ನಾನು ಗೋಡೆಯ ಕಡೆ ತಿರುಗಿ. ನಮ್ಮಿಬ್ಬರ ನಡುವೆ ಇದ್ದ ಹೊಂದಾಣಿಕೆ ಅಷ್ಟೇ.

ಚಳಿಗಾಲ ಬರುತ್ತಿದ್ದ ಹಾಗೆ ಮಾಸ್ಟ್ರಿಗೆ ಉದಾರಬುದ್ಧಿ ಬಂತು. ಉಳಿದ ನೀಲಿ ಬಟ್ಟೆಯಲ್ಲಿ ಕೆಲಸದವರಿಗೆಲ್ಲ ಒಂದೊಂದು ಕೋಟು ಹೊಲಿಯೋಣ ಎಂದರು. ಅಳತೆ ತೆಗೆಯುವ ಭಾರ ನನ್ನದು. ಅದು ಪರೀಕ್ಷೆ ಎಂದು ಎಲ್ಲರಿಗೂ ಗೊತ್ತಿತ್ತು. ಮಾಸ್ಟ್ರ ಕಣ್ಣಿಗೆ ಆಪರೇಷನ್ ಆಗಬೇಕಿತ್ತು. ಆಮೇಲೆ ಕತ್ತರಿ ಮೇಜಿಗೆ ಬೇರೆಯವರು ಬೇಕು. ಅಲ್ಲಿ ನಿಲ್ಲಬೇಕೆಂಬುದು ನನ್ನ ಮೂರು ವರ್ಷದ ಆಸೆ.

ಒಂದು ಗುರುವಾರ ಕಾಜಾಳ ಸರದಿ ಬಂತು. ಭುಜ ಹದಿನೈದೂವರೆ, ಕೈಯುದ್ದ ಇಪ್ಪತ್ತೆರಡೂಕಾಲು. ಅಳತೆ ಪುಸ್ತಕದಲ್ಲಿ ಬರೆದೆ. ಅವಳ ಮೈಯಿಂದ ಬಂದ ಟೇಪು ಆಗತಾನೇ ಇಸ್ತ್ರಿ ಮಾಡಿದ ಹಾಗೆ ಬೆಚ್ಚಗಿತ್ತು. ಅದನ್ನು ಕುತ್ತಿಗೆಗೆ ಹಾಕಿಕೊಂಡು ಸಂಜೆಯವರೆಗೂ ಓಡಾಡಿದೆ. ಇದಕ್ಕಿಂತ ಹೆಚ್ಚಿನ ಪ್ರೇಮಪ್ರಸಂಗ ನನ್ನ ಬದುಕಿನಲ್ಲಿ ಅದುವರೆಗೆ ನಡೆದಿರಲಿಲ್ಲ.

ಎಂಟು ದಿನದ ಮೇಲೆ ಕಾಜಾಳಿಗೆ ಕೋಟು ತೊಡಿಸಿ ನೋಡಿದರೆ ಅದರ ತೋಳು ಬೆರಳಿನ ಗೆಣ್ಣಿನವರೆಗೆ ಇಳಿದಿತ್ತು. ಭುಜ ಜೋತುಬಿದ್ದಿತ್ತು.

"ಲೋ ಅರ್ಧ ಇಂಚು," ಎಂದರು ಮಾಸ್ಟ್ರು, ಕನ್ನಡಕ ಮೇಲೆತ್ತಿ. "ಈಗ ನಿನಗೆ ಬಡ್ತಿ ಕಣೋ. ಒಂದೂಕಾಲು ಇಂಚು!"

"ಸರಿಯಾಗೇ ತೆಗೆದಿದ್ದೆ ಮಾಸ್ಟ್ರೇ."

"ಹೌದೌದು. ಹುಡುಗಿನೇ ಕುಗ್ಗಿದಾಳೆ. ನೀರಿಗೆ ಹಾಕಿ ಒಣಗಿಸಿದ್ಯಾ ಅವಳನ್ನ?"

ಮಿಷಿನ್ನುಗಳೆಲ್ಲ ನಿಂತು ನಕ್ಕವು. ಕಾಜಾ ಮಾತ್ರ ನಗಲಿಲ್ಲ. ಕೋಟು ಕಳಚಿ ನನ್ನ ಕೈಗಿತ್ತು ಕಿಟಕಿಯ ಬಳಿಗೆ ಹೋದಳು. ನಾನು ಮತ್ತೆ ಅಳೆದು, ಕತ್ತರಿಸಿ, ಹದಿನಾಲ್ಕೂವರೆ, ಇಪ್ಪತ್ತೊಂದಕ್ಕೆ ಇಳಿಸಿ ಹೊಲಿದುಕೊಟ್ಟೆ. ಮೂರು ವಾರ ಕೋಟು ಅವಳ ಮೈಗೆ ಅಚ್ಚು ಹಾಕಿದಂತಿತ್ತು. ಒಂದು ದಿನ ಮೇಲಿನ ಕಪಾಟಿನಿಂದ ಗುಂಡಿಯ ಡಬ್ಬ ತೆಗೆಯಲು ಕೈ ಎತ್ತಿದಳು. ಕಂಕುಳಿನಿಂದ ಬೆನ್ನಿನವರೆಗೆ ಟರ್ರನೆ ಹರಿಯಿತು.

"ಇದೇನೋ ಇದು?" ಎಂದರು ಮಾಸ್ಟ್ರು.

ಇಸ್ತ್ರಿ ಅಕ್ಕ ನನ್ನ ಪರ ನಿಂತಳು. "ಬಿಡಿ ಮಾಸ್ಟ್ರೇ. ಹೆಣ್ಣುಮಕ್ಕಳ ಮೈ ತಿಂಗಳಲ್ಲಿ ಒಂದೆರಡು ದಿನ ಊದಿಕೊಳ್ಳುತ್ತೆ. ಗಂಡಸರಿಗೆ ಏನು ಗೊತ್ತಾಗುತ್ತೆ?"

"ಸೊಂಟ ಊದಲಿ, ಒಪ್ಕೋತೀನಿ. ಭುಜದ ಮೂಳೆ ಊದುತ್ತೇನಮ್ಮಾ? ಕೈ ಉದ್ದ ಆಗುತ್ತಾ? ಇವನು ಅಳೆಯೋದು ಟೇಪಿನಲ್ಲೋ ರಬ್ಬರಿನಲ್ಲೋ?"

ಆ ಮಾತು ನನ್ನ ಎದೆಯಲ್ಲಿ ಗುಂಡುಸೂಜಿಯ ಹಾಗೆ ಉಳಿಯಿತು. ಆಮೇಲಿನ ಮೂರು ತಿಂಗಳು ಏನಾದರೊಂದು ನೆಪ ಹೂಡಿ, ಕೋಟು ಸರಿ ಮಾಡುತ್ತೇನೆಂದು, ಅದರ ಒಳಪದರ ಬದಲಿಸುತ್ತೇನೆಂದು, ಅವಳನ್ನು ಒಂಬತ್ತು ಸಲ ಅಳೆದೆ. ಒಂಬತ್ತು ತಾರೀಖು, ಒಂಬತ್ತು ಸಾಲು. ಗೋಡೆಯ ಕ್ಯಾಲೆಂಡರಿನಲ್ಲಿ ತುಂಬುಚಂದ್ರನ ಗುರುತಿದ್ದ ದಿನಗಳ ಪಕ್ಕಕ್ಕೆ ಅವನ್ನು ಇಟ್ಟು ನೋಡಿದಾಗ ಸಂಶಯವೇ ಉಳಿಯಲಿಲ್ಲ. ಹುಣ್ಣಿಮೆಗೆ ಎರಡು ದಿನ ಇರುವಾಗ ಅವಳು ಒಬ್ಬಳು, ಮಿಕ್ಕ ದಿನ ಇನ್ನೊಬ್ಬಳು. ನಡುವಿನ ಮೂರು ದಿನ ರಜೆ.

ಬುದ್ಧಿ ಇದ್ದವನು ಇದನ್ನು ತಲೆಯಲ್ಲಿ ಇಟ್ಟುಕೊಳ್ಳುತ್ತಿದ್ದ. ನಾನು ಬರೆದದ್ದು ಅಂಗಡಿಯ ಅಳತೆ ಪುಸ್ತಕದಲ್ಲಿ. ಆ ಪುಸ್ತಕದ ಪುಟಗಳಿಗೆ ಮಾಸ್ಟ್ರೇ ಕೈಯಾರೆ ಸಂಖ್ಯೆ ಹಾಕಿರುತ್ತಾರೆ. ಹರಿಯುವಂತಿಲ್ಲ, ಅಳಿಸುವಂತಿಲ್ಲ. ತಪ್ಪಾದರೂ ಒಂದೇ ಗೆರೆ ಎಳೆದು ಕೆಳಗೆ ಸರಿಯಾದದ್ದು ಬರೆಯಬೇಕು. ಇಂಥ ಪುಸ್ತಕದಲ್ಲಿ ಒಂಬತ್ತು ಸಾಲು, ಪ್ರತಿ ಸಾಲಿನ ಪಕ್ಕ ತಾರೀಖು ಮತ್ತು ಚಂದ್ರನ ಗುರುತು, ಕೊನೆಯಲ್ಲಿ ಅಡಿಗೆರೆ ಎಳೆದು "ಅಳೆದವನ ತಪ್ಪಲ್ಲ" ಎಂದು ಬರೆದೆ. ಅಷ್ಟು ಅಂದವಾದ ಅಕ್ಷರ ನನ್ನಿಂದ ಹಿಂದೆಂದೂ ಮೂಡಿರಲಿಲ್ಲ.

ಮುಂದಿನ ಸೋಮವಾರ ಇಬ್ಬರೂ ತಾರಸಿಯ ಮೇಲಿದ್ದೆವು. ಹೊಸ ಬಟ್ಟೆ ಹೊಲಿದಮೇಲೆ ಕುಗ್ಗದಿರಲೆಂದು ಮೊದಲೇ ನೀರಿನಲ್ಲಿ ನೆನೆಸಿ ಒಣಹಾಕುತ್ತೇವೆ. ಅವಳು ಒಂದು ತುದಿ ಹಿಡಿದಿದ್ದಳು, ನಾನು ಇನ್ನೊಂದು. ಹಿಂಡುತ್ತ ಹಿಂಡುತ್ತ ಹೇಳಿಬಿಟ್ಟೆ.

"ನಿನಗೆ ಎರಡು ಅಳತೆ ಇದೆ."

ಅವಳ ಕೈ ನಿಂತಿತು.

"ಹುಣ್ಣಿಮೆಗೆ ಎರಡು ದಿನ ಮುಂಚೆ ಭುಜ ಒಂದಿಂಚು ಜಾಸ್ತಿ, ಕೈ ಒಂದೂಕಾಲು. ಹುಣ್ಣಿಮೆ ಕಳೆದು ಎರಡು ದಿನಕ್ಕೆ ಮತ್ತೆ ಮೊದಲಿನ ಹಾಗೆ. ಮೂರು ತಿಂಗಳು ನೋಡಿದೀನಿ."

"ಮಧ್ಯದ ದಿನಗಳಲ್ಲಿ ಎಷ್ಟಿರುತ್ತೆ, ಗೊತ್ತಾ?"

"ಇಲ್ಲ."

"ನನಗೂ ಗೊತ್ತಿಲ್ಲ. ನಾಲ್ಕು ಕಾಲಿನ ಮೇಲೆ ನಿಂತಾಗ ಯಾರೂ ಟೇಪು ಹಿಡಿದಿಲ್ಲ." ಒದ್ದೆ ಬಟ್ಟೆಯನ್ನು ಹಗ್ಗದ ಮೇಲೆ ಎಸೆದಳು. "ತೋಳ ಆಗ್ತೀನಿ. ನಮ್ಮಮ್ಮನೂ ಹಾಗೇ. ಒಂದು ಹುಣ್ಣಿಮೆಗೆ ಹೋದೋಳು ವಾಪಸ್ ಬರಲಿಲ್ಲ. ಚಿಕ್ಕಮ್ಮ ಮಾಮೂಲಿ ಮನುಷ್ಯಳು, ಅವಳೇ ಸಾಕಿದ್ದು."

ಇಂಥ ಹೊತ್ತಿನಲ್ಲಿ ಗಂಡಸು ಏನಾದರೂ ಗಂಭೀರವಾದ ಮಾತಾಡಬೇಕು. ನನ್ನ ಬಾಯಿಂದ ಬಂದದ್ದು, "ಬಾಲ ಇರುತ್ತಾ?"

"ಇರುತ್ತೆ."

"ಎಷ್ಟುದ್ದ?"

"ಯಾಕೆ, ಅಳೆಯೋಕೆ ಬರ್ತೀಯಾ?" ಎಂದಳು. ಎಂದವಳು ನಕ್ಕಳು. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ. ಆ ನಗು ಮುಗಿಯುವುದರೊಳಗೇ ಮುಖ ಸಣ್ಣದಾಯಿತು.

"ಯಾರಿಗೆ ಹೇಳಿದೀಯ?"

"ಯಾರಿಗೂ ಇಲ್ಲ."

"ಬರೆದಿದೀಯಾ?"

ನಾನು ಒದ್ದೆ ಬಟ್ಟೆಯ ಸುಕ್ಕು ಬಿಡಿಸತೊಡಗಿದೆ. ಅವಳಿಗೆ ಅಷ್ಟು ಸಾಕಾಯಿತು.

"ಈ ಊರಲ್ಲಿ ಇರಬೇಕು ಅಂತಿತ್ತು ನನಗೆ," ಎಂದಳು ಹಗ್ಗದ ಕಡೆ ನೋಡುತ್ತ. "ಈಚೆಗೆ ವರ್ಷ ದಾಟಿದ್ದು ಇದೊಂದೇ ಊರು. ಯಾರಾದ್ರೂ ದಿನ ಎಣಿಸೋಕೆ ಶುರು ಮಾಡಿದ್ರೆ ನಾವು ಊರು ಬಿಡಬೇಕು. ಚಿಕ್ಕಮ್ಮನ ಕಟ್ಟಳೆ."

ನಾನು ಎರಡೆರಡು ಮೆಟ್ಟಿಲು ಹಾರಿ ಕೆಳಗೆ ಬಂದೆ. ಡ್ರಾಯರಿನಲ್ಲಿ ಪುಸ್ತಕ ಇರಲಿಲ್ಲ. ಕತ್ತರಿ ಮೇಜಿಗೆ ಯಾರು ತಕ್ಕವರೆಂದು ನೋಡಲು ಮಾಸ್ಟ್ರು ಅದನ್ನು ಮನೆಗೆ ಒಯ್ದಿದ್ದರು.

ಮಾರನೆಯ ಬೆಳಿಗ್ಗೆ ಎಲ್ಲರ ಎದುರು ನನ್ನ ಒಂಬತ್ತು ಸಾಲನ್ನು ಬೆರಳಿಟ್ಟು ಓದಿದರು. ಚಂದ್ರ, ತೋಳ, ಯಾವುದೂ ಅವರ ತಲೆಗೆ ಬಂದಂತಿರಲಿಲ್ಲ. ಅವರ ಯೋಚನೆಯೆಲ್ಲ ಇಂಚಿನದೇ.

"ನಲವತ್ತು ವರ್ಷದಲ್ಲಿ ಇಂಥ ಮೈ ನಾನು ಕಂಡಿಲ್ಲ. ಇದು ನಿಜ ಆದ್ರೆ ನೀನು ನನಗಿಂತ ದೊಡ್ಡ ಮಾಸ್ಟ್ರು, ಮೇಜು ನಿಂದೇ. ನಾಡಿದ್ದು ಗುರುವಾರ ಹನ್ನೊಂದು ಗಂಟೆಗೆ ನಾನೇ ಅಳೀತೀನಿ. ಏನಮ್ಮಾ ಕಾಜಾ, ಬರ್ತೀಯಲ್ಲ?"

ಶನಿವಾರ ಹುಣ್ಣಿಮೆ. ಗುರುವಾರವೆಂದರೆ ಅವಳ ಕೈ ಉದ್ದವಾಗುವ ದಿನ.

"ಆಗುತ್ತೆ," ಎಂದಳು ಕಾಜಾ. ತಲೆ ಎತ್ತಲಿಲ್ಲ.

ಬುಧವಾರ ನಮಗೆ ವಾರದ ರಜೆ. ಕೇಳಿಕೊಂಡು ಅವಳ ಮನೆ ಹುಡುಕಿದೆ. ಬೇಕರಿಯ ಹಿಂದಿನ ಓಣಿಯಲ್ಲಿ ಎರಡು ಕೋಣೆ, ಹಿಂದೆ ಒಂದು ಬಟ್ಟೆ ಒಗೆಯುವ ಅಂಗಳ. ಹೊರಕೋಣೆಯಲ್ಲಿ ಕಟ್ಟಿದ ಪೆಟ್ಟಿಗೆಗಳು. ಅವಳ ಚಿಕ್ಕಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಹಗ್ಗ ಎಳೆಯುತ್ತಿದ್ದರು.

"ಟೇಪಿನ ಮಹಾಶಯ ನೀನೇನಾ?" ಎಂದರು. "ಕೂತ್ಕೋ ಅನ್ನೋಣ ಅಂದ್ರೆ ಕುರ್ಚಿ ಕಟ್ಟಿಟ್ಟಾಯ್ತು. ನಿಂತೇ ಇರು, ನಿನಗೆ ಅದೇ ಸರಿ."

"ತಪ್ಪಾಯ್ತು ಅಮ್ಮಾ."

"ಏಳು ಊರು ಬಿಟ್ಟಿದೀನಪ್ಪಾ ಇವಳನ್ನ ಕಟ್ಕೊಂಡು. ಒಂದೂರಲ್ಲಿ ಹಾಲಿನವನು. ತಿಂಗಳಲ್ಲಿ ಮೂರು ದಿನ ಇವರಿಗ್ಯಾಕೆ ನಾಲ್ಕು ಲೀಟರು ಅಂತ ಅವನಿಗೆ ನಿದ್ದೆ ಬರಲಿಲ್ಲ. ಇನ್ನೊಂದೂರಲ್ಲಿ ಪಕ್ಕದ ಮನೆ ಲೆಕ್ಕದ ಮೇಡಮ್ಮು. ಇಲ್ಲಿ ನೀನು. ಮಾಡೋಕೆ ಬೇರೆ ಕೆಲಸ ಇರಲ್ವಾ ನಿಮಗೆಲ್ಲ?"

ತೆರೆದಿದ್ದ ಒಳಕೋಣೆಯ ಬಾಗಿಲಿನ ಒಳಮೈಗೆ ಮೊಣಕಾಲೆತ್ತರದವರೆಗೆ ಕಬ್ಬಿಣದ ತಗಡು ಹೊಡೆದಿತ್ತು. ಚಿಲಕ ಇದ್ದದ್ದು ಹೊರಗಡೆ. ಆ ಬಾಗಿಲಿಗೆ ಒರಗಿ ಕಾಜಾ ನಿಂತಿದ್ದಳು. ಸ್ವೆಟರಿನ ಕೈಯನ್ನು ಬೆರಳವರೆಗೆ ಎಳೆದುಕೊಂಡಿದ್ದಳು. ತಿಂಗಳಿಗೆ ಮೂರು ದಿನ ಈ ಬಾಗಿಲಾಚೆ ಒಬ್ಬಳೇ, ಚಿಕ್ಕಂದಿನಿಂದ. ನನ್ನ ಬಾಡಿಗೆ ಕೋಣೆಯ ಒಂಟಿತನದ ಬಗ್ಗೆ ನಾನು ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ದೊಡ್ಡ ಕಥೆ ಆ ತಗಡಿನ ಮೇಲಿನ ಗೀರುಗಳನ್ನು ಕಂಡು ನಾಚಿಕೊಂಡಿತು.

"ಆ ಒಂಬತ್ತು ಸಾಲೂ ಸುಳ್ಳು, ನಾನೇ ಹುಟ್ಟಿಸಿ ಬರೆದದ್ದು ಅಂತ ನಾಳೆ ಮಾಸ್ಟ್ರಿಗೆ ಹೇಳ್ತೀನಿ," ಎಂದೆ. "ಆಮೇಲೆ ಅವರು ಅಳೆಯೋ ಮಾತೇ ಇಲ್ಲ."

"ಈಗ ಹೀಗಂತೀಯ," ಎಂದರು ಚಿಕ್ಕಮ್ಮ. "ಮುಂದೊಂದು ದಿನ ಇವಳ ಮೇಲೆ ಸಿಟ್ಟು ಬಂದಾಗ ನಿಜ ಹೇಳ್ತೀಯ. ಸಾಮಾನಿನ ಗಾಡಿ ನಾಳೆ ಎರಡು ಗಂಟೆಗೆ ಬರುತ್ತೆ."

"ಚಿಕ್ಕಮ್ಮಾ, ನಾಳೆ ನಾನು ಅಂಗಡಿಗೆ ಹೋಗ್ತೀನಿ," ಎಂದಳು ಕಾಜಾ.

"ಯಾಕೆ?"

"ಇವನು ಹೇಳ್ತಾನೋ ಇಲ್ವೋ ನೋಡೋಕೆ."

ಗುರುವಾರ ಹನ್ನೊಂದಕ್ಕೆ ಮಾಸ್ಟ್ರು ಟೇಪು ಕೊಡವಿದರು. ಕಾಜಾ ಕೋಟು ತೊಟ್ಟು ಕಿಟಕಿಯ ಕೆಳಗೆ ಕುಳಿತಿದ್ದಳು. ಮಣಿಕಟ್ಟು ಕೋಟಿನಿಂದ ಒಂದು ಬೆರಳಿಗಿಂತ ಹೆಚ್ಚು ಹೊರಗಿತ್ತು. ಕತ್ತರಿ ಮೇಜು ಅಲ್ಲೇ ನಾಲ್ಕು ಹೆಜ್ಜೆಯಲ್ಲಿತ್ತು, ಅದರ ಮರ ಮೂರು ವರ್ಷದಿಂದ ನನ್ನ ಕಣ್ಣಿನಲ್ಲಿತ್ತು. ಸುಮ್ಮನಿದ್ದರೆ ಸಾಕು, ಐದು ನಿಮಿಷದಲ್ಲಿ ಅದು ನನ್ನದು. ಅರ್ಧ ಇಂಚು ಎಂದು ಇನ್ನು ಯಾರೂ ಕರೆಯುವಂತಿರಲಿಲ್ಲ.

"ಮಾಸ್ಟ್ರೇ," ಎಂದೆ. ಧ್ವನಿ ಬಿರಿದ ಹೊಲಿಗೆಯ ಹಾಗಿತ್ತು. "ಅಳೆಯೋದು ಬೇಡ. ಅದನ್ನೆಲ್ಲ ನಾನೇ ಸೃಷ್ಟಿ ಮಾಡಿ ಬರೆದೆ. ನನ್ನ ತಪ್ಪು ಮುಚ್ಚಿಕೊಳ್ಳೋಕೆ."

ಇಸ್ತ್ರಿ ಪೆಟ್ಟಿಗೆ ಠಪ್ಪೆಂದು ಕುಳಿತ ಸದ್ದು ಕೇಳಿತು.

"ಒಂಬತ್ತೂ?"

"ಒಂಬತ್ತೂ."

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. "ತಪ್ಪು ಮಾಡು, ನಾನು ಬೈತೀನಿ, ಕಲಿಸ್ತೀನಿ. ಪುಸ್ತಕದಲ್ಲಿ ಸುಳ್ಳು ಬರೆಯೋನಿಗೆ ಏನೋ ಕಲಿಸಲಿ?" ಎಂದು ಹತ್ತಿರ ಬಂದು ನನ್ನ ಕುತ್ತಿಗೆಯಿಂದ ಟೇಪು ತೆಗೆದುಕೊಂಡರು. "ಹಿಂದೆ ಹೋಗಿ ಗುಂಡಿ ಹಾಕು. ಈ ಮೇಜಿನ ಹತ್ತಿರ ಬರಬೇಡ."

ಕುತ್ತಿಗೆ ತಣ್ಣಗಾಯಿತು. ಸ್ಟೂಲು ಎಳೆದುಕೊಂಡು ಕಿಟಕಿಯ ಬಳಿ ಕುಳಿತೆ. ಕಾಜಾ ನನ್ನ ಕಡೆ ಒಮ್ಮೆ ನೋಡಿದಳು. ಅದು ಮೆಚ್ಚುಗೆಯೋ ಕನಿಕರವೋ ನನಗೆ ಅಂದಾಜು ಸಿಗಲಿಲ್ಲ. ಒಂದು ಗಂಟೆಗೆ ಚೀಲ ಎತ್ತಿಕೊಂಡು ಇಳಿದು ಹೋದಳು. ಎರಡು ಗಂಟೆಗೆ ಗಾಡಿ ಬರುವುದು ನನಗೆ ನೆನಪಿತ್ತು.

ಶುಕ್ರವಾರ ಅವಳ ಕುರ್ಚಿ ಖಾಲಿ. ರಜೆಯ ಮೂರು ದಿನದ ಮೊದಲನೆಯದೋ, ಇನ್ನು ಯಾವತ್ತೂ ಬಾರದ ದಿನಗಳ ಮೊದಲನೆಯದೋ ತಿಳಿಯುವಂತಿರಲಿಲ್ಲ. ಅಕ್ಕ ಕೂಡ ನನ್ನೊಡನೆ ಮಾತಾಡಲಿಲ್ಲ. ದಿನವಿಡೀ ಕಾವಲುಗಾರರ ಕೋಟಿಗೆ ಹಿತ್ತಾಳೆ ಗುಂಡಿ ಹಾಕಿದೆ. ಕೋಣೆಗೆ ಹೋಗಿ ಅಣ್ಣನಿಗೆ ನಾನೇ ಫೋನು ಮಾಡಿದೆ. ಭಾನುವಾರ ಅಲ್ಲವಲ್ಲ, ಅವನು ಗಾಬರಿಯಾದ. ಏನೂ ಇಲ್ಲ, ಊಟ ಆಯ್ತಾ ಎಂದು ಕೇಳೋಕೆ ಮಾಡಿದೆ ಎಂದೆ. ಆಯ್ತು ಎಂದ.

ಶನಿವಾರ ಅರ್ಧ ದಿನ ರಜೆ ಕೇಳಿದೆ. "ನೀನಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ," ಎಂದು ಮಾಸ್ಟ್ರು ಕೊಟ್ಟರು. ಓಣಿ ತಲುಪುವಾಗ ಮಧ್ಯಾಹ್ನದ ಬಿಸಿಲು ನೆತ್ತಿಗೆ ಬಡಿಯುತ್ತಿತ್ತು. ಬಾಗಿಲು ತೆರೆದಿತ್ತು, ಒಳಗೆ ಪೆಟ್ಟಿಗೆಗಳಿದ್ದವು. ಹೊಸಿಲ ಮೇಲೆ ಕುಳಿತುಬಿಟ್ಟೆ.

"ಗಾಡಿ ವಾಪಸ್ ಕಳಿಸಿದೆ," ಎಂದರು ಚಿಕ್ಕಮ್ಮ. "ಅವಳು ಹಟ ಹಿಡಿದಳು. ಪೆಟ್ಟಿಗೆ ಬಿಚ್ಚಿಲ್ಲ ನೋಡು. ನಾನಿನ್ನೂ ಒಪ್ಪಿಲ್ಲ. ಅವಳೂ ಈ ಮೂರು ದಿನ ಕಳೆದು ಎದ್ದಮೇಲೆ ಯೋಚನೆ ಮಾಡ್ತೀನಿ ಅಂದಿದಾಳೆ."

"ಒಳಗಿದ್ದಾಳಾ?"

"ಮತ್ತೆಲ್ಲಿ ಸಿನಿಮಾಕ್ಕೆ ಹೋಗ್ತಾಳಾ? ಮಾತಾಡಿಸಬೇಡ, ಈಗ ಮಾತು ಗೊತ್ತಾಗಲ್ಲ. ನನ್ನದೇ ಗೊತ್ತಾಗಲ್ಲ."

ಆದರೂ ಒಳಕೋಣೆಯ ಬಾಗಿಲ ಬಳಿ ನೆಲದ ಮೇಲೆ ಕುಳಿತೆ. ಒಳಗೆ ದೂರದ ಮೂಲೆಯಲ್ಲಿ ಉಗುರು ನೆಲಕ್ಕೆ ತಾಗುವ ಸದ್ದು ಬರುತ್ತಿತ್ತು, ಅತ್ತಿಂದಿತ್ತ, ಅತ್ತಿಂದಿತ್ತ. ನಾನು ಅಂಗಡಿಯ ಸುದ್ದಿ ಹೇಳಿದೆ. ಗುಂಡಿ ಹಾಕುವಾಗ ಬೆರಳಿಗೆ ಆರು ಸಲ ಚುಚ್ಚಿಕೊಂಡದ್ದು, ಅಕ್ಕ ಮಾತು ಬಿಟ್ಟದ್ದು, ನಾಯಿ ಬೊಗಳಿದ್ದು. ಹೇಳಲು ನನ್ನ ಬಳಿ ಅಷ್ಟೊಂದು ಇದೆ ಎಂದು ನನಗೇ ಗೊತ್ತಿರಲಿಲ್ಲ. ಯಾರೂ ಉತ್ತರ ಕೊಡುವುದಿಲ್ಲ ಎಂದು ಖಾತ್ರಿಯಾದರೆ ನಾನು ಒಳ್ಳೆಯ ಮಾತುಗಾರ. ಐದು ಗಂಟೆಗೆ ಚಿಕ್ಕಮ್ಮ ಕೈಸನ್ನೆ ಮಾಡಿದರು, ಎದ್ದು ಬಂದೆ. ಉಗುರಿನ ಸದ್ದು ಯಾವಾಗ ನಿಂತಿತ್ತೋ ನಾನು ಗಮನಿಸಿರಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಾಜಾ ಮೆಟ್ಟಿಲು ಹತ್ತಿ ಬಂದಳು. ಕಣ್ಣ ಕೆಳಗೆ ಕಪ್ಪು, ತುಟಿ ಒಡೆದಿತ್ತು. ಕೋಟು ಭುಜಕ್ಕೆ ಸರಿಯಾಗಿ ಕೂತಿತ್ತು. ಹಾಗೆ ಕೂತದ್ದನ್ನು ನಾನು ನೋಡಲಿಲ್ಲ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಕುರ್ಚಿಯಲ್ಲಿ ಕುಳಿತು ನನ್ನ ಕೈಯಲ್ಲಿದ್ದ ಕೋಟು ಕಿತ್ತುಕೊಂಡಳು.

"ಇಷ್ಟುದ್ದ ದಾರ ತಗೊಂಡ್ರೆ ಗಂಟು ಬೀಳದೇ ಇರುತ್ತಾ? ಮೊಣಕೈವರೆಗೆ ಸಾಕು."

ದಾರವನ್ನು ಹಲ್ಲಿನಲ್ಲಿ ಕಡಿದು ಗಿಡ್ಡ ಮಾಡಿ, ಕೋಟು ನನಗೆ ವಾಪಸ್ ಕೊಟ್ಟು ತನ್ನ ಹೊಲಿಗೆ ಹಿಡಿದಳು. ಆಮೇಲೆ ಸೂಜಿಯ ಮೇಲಿನ ಕಣ್ಣು ತೆಗೆಯದೆ ಕೇಳಿದಳು: "ನೀನು ಶನಿವಾರ ಬಾಗಿಲ ಎಡಗಡೆ ಕೂತಿದ್ದೆ ಅಲ್ವಾ?"

"ಚಿಕ್ಕಮ್ಮ ಹೇಳಿದ್ರಾ?"

"ಇಲ್ಲ. ನನಗೆ ಆ ದಿನಗಳು ನೆನಪಿರಲ್ಲ. ಚಿಕ್ಕೋಳಿದ್ದಾಗಿಂದ ಆ ಕಡೆ ಗೋಡೆ ಮೂಲೇಲಿ ಎಚ್ಚರ ಆಗೋದು. ಈ ಸಲ ಎಚ್ಚರ ಆದಾಗ ಬಾಗಿಲ ಎಡಗಡೆ, ಸಂದಿಗೆ ಮೂತಿ ಇಟ್ಟುಕೊಂಡು ಮಲಗಿದ್ದೆ."

ನಾನು ಸೂಜಿಗೆ ದಾರ ಪೋಣಿಸಹೋಗಿ ಬೆರಳಿಗೆ ಚುಚ್ಚಿಕೊಂಡೆ.

"ಅಲ್ಲಿ ನಿನಗೆ ಬಿಸಿಲು ಬೀಳುತ್ತೆ," ಎಂದಳು. "ಮುಂದಿನ ತಿಂಗಳು ಬಲಗಡೆ ಕೂತ್ಕೋ."

ಹೂಂ ಎಂದೆ. ಆ ದಿನ ಅವಳಿಂದ ಕಲಿತು ನಾನು ಹಾಕಿದ ಹದಿಮೂರು ಕಾಜಾಗಳನ್ನೂ ಅವಳೇ ಸಂಜೆಯೊಳಗೆ ಬಿಚ್ಚಿಹಾಕಿದಳು.